ದಕ್ಷಿಣಕ್ಕೆ ತಿರುಗಿದ ಬಾಣ

೩ ಫೆಬ್ರುವರಿ, ಸೋಮವಾರ

ಸಂಜೆ ಏಳು ಗಂಟೆ. ಇವತ್ತು ಯಜಮಾನರ ಅಂಗಡಿಯ ಶಟರ್ ಎತ್ತಿದೆ, ಕಸ ಗುಡಿಸಿದೆ, ಕಾದೆ, ಶಟರ್ ಇಳಿಸಿದೆ. ಗಿರಾಕಿ ಬರಲಿಲ್ಲ. ಸಮಾಧಾನ ಹೇಳುವವರು ಮಾತ್ರ ತಪ್ಪದೆ ಬಂದರು.

ದೀಪಾವಳಿ ಮುಗಿದ ವಾರದಲ್ಲಿ ಅವರು ಹೋದರು. ಎದೆನೋವು ಎಂದು ಕೂತವರು ಏಳಲಿಲ್ಲ. ಸಮಾಧಾನ ಇನ್ನೂ ನಡೆದೇ ಇದೆ. ಬಂದವರು ಚಹಾ ಕುಡಿಯುತ್ತಾರೆ, ಸಕ್ಕರೆ ಕಡಿಮೆ ಎನ್ನುತ್ತಾರೆ, ದೇವರ ಮೇಲೆ ಭಾರ ಹಾಕು ಎನ್ನುತ್ತಾರೆ. ಆಮೇಲೆ ಗೋಡೆಗೆ ಒರಗಿಸಿಟ್ಟ ಫಿಲ್ಟರುಗಳನ್ನು ನೋಡಿ, ಇವೇನು ಎಂದು ಕೇಳುತ್ತಾರೆ. ದೊಡ್ಡ ಕಟ್ಟಡಗಳಲ್ಲಿ ತಣ್ಣನೆ ಹವಾ ಬಿಡುವ ಮಷೀನು ಇರುತ್ತದೆ, ಅದು ಎಳೆದುಕೊಳ್ಳುವ ಹವಾದ ಧೂಳನ್ನು ಇವು ಹಿಡಿಯುತ್ತವೆ ಎಂದು ಹೇಳುತ್ತೇನೆ. ಎದುರುಮನೆಯ ಜಿಜಾಬಾಯಿ ಇವತ್ತು ಬಹಳ ಹೊತ್ತು ವಿಚಾರ ಮಾಡಿ ಕೇಳಿದಳು: "ಅಂದ್ರ ನಾಗನಾಥ ಇಷ್ಟು ವರ್ಷ ಜರಡಿ ಮಾರತಿದ್ನೇನವಾ?"

ಹೂಂ ಅಂದೆ.

ಸಂಜೆ ಸತೀಶಕುಮಾರ ಬಂದ. ಅವರ ತಮ್ಮ. ಪಕ್ಕದ ಶಟರಿನಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ಎರಡು ಅಂಗಡಿಗಳ ನಡುವಿನ ಗೋಡೆಯನ್ನು ದಿನಾ ಒಮ್ಮೆ ಬೆರಳಿನಿಂದ ಬಡಿದು ನೋಡುತ್ತಾನೆ, ಕಲ್ಲಂಗಡಿ ಹಣ್ಣು ಕೊಳ್ಳುವವರ ಹಾಗೆ.

"ವೈನಿ, ನಿಮಗ ಈ ತ್ರಾಸ ಯಾಕ? ಈ ಗೋಡಿ ಒಡದು ಒಂದೇ ದೊಡ್ಡ ಶೋರೂಮ್ ಮಾಡ್ತೀನಿ. ನೀವು ಮನ್ಯಾಗ ಆರಾಮ ಇರ್ರಿ."

ನಾನು ಚಹಾದ ಲೋಟ ಎತ್ತಿಟ್ಟೆ.

"ಆತು, ಬಸವ ಜಯಂತಿ ತನಕ ನೋಡೋಣು. ಹುಮನಾಬಾದಿನ ಶಂಕರಲಿಂಗ ಸಾವಕಾರರ ಕಾರ್ಯಾಲಯದ ಕೆಲಸ ಅದಲ್ಲ, ಅದು ಕೈಯಾಗ ಉಳದ್ರ ಅಂಗಡಿ ನಡಸ್ರಿ. ಅದು ಹೋಯ್ತಂದ್ರ ಬಾಕಿ ಎಲ್ಲಾ ಚಿಲ್ಲರೆ ಗಿರಾಕಿ. ಆಗ ಕೀಲಿ ನನಗ ಕೊಡ್ರಿ. ಒಪ್ಪಿಗಿ ಅದೇನು?"

ಹೂಂ ಅಂದೆ. ಈಗ ಯಾರು ಏನು ಕೇಳಿದರೂ ಹೂಂ ಅನ್ನುವುದು ರೂಢಿಯಾಗಿದೆ. ಮಾತು ಬೇಗ ಮುಗಿಯುತ್ತದೆ.

ಅವರ ಕುರ್ಚಿ ಖಾಲಿ ಇದೆ. ಸ್ಟೂಲಿನ ಮೇಲೆ ಕೂತು ಬರೆದಿದ್ದೇನೆ.

೬ ಫೆಬ್ರುವರಿ, ಗುರುವಾರ

ಒಂದು ತಪ್ಪಾಯಿತು. ಬ್ಯಾಂಕಿನಿಂದ ಬಿಚ್ಚಿ ತಂದ ಫಿಲ್ಟರುಗಳು ಅಂಗಡಿಯ ಮೂಲೆಯಲ್ಲಿ ಕಪ್ಪಗೆ ಕೂತಿದ್ದವು. ನೋಡಲಾಗಲಿಲ್ಲ. ಸಾಬೂನು ಪುಡಿಯಲ್ಲಿ ನೆನೆಸಿ, ಬ್ರಷ್‌ನಿಂದ ಉಜ್ಜಿ, ಮಾಳಿಗೆಯ ಮೇಲೆ ಹಪ್ಪಳದ ಪಕ್ಕ ಒಣಹಾಕಿದೆ. ಎಷ್ಟೋ ದಿನಗಳ ಮೇಲೆ ಒಂದು ಕೆಲಸ ಮಾಡಿದ ಹಾಗೆ ಅನ್ನಿಸಿತ್ತು.

ಮಧ್ಯಾಹ್ನ ಅಬ್ದುಲ್ ರಜಾಕ್ ಭಾಯಿ ಬಂದರು. ಅಂಗಡಿ ಶುರುವಾದಂದಿನಿಂದ ಅವರ ಜೊತೆ ಇದ್ದ ಮೆಕ್ಯಾನಿಕ್ ಇವರು. ಯಾವ ಮಾತಿಗೂ ಮೊದಲು ಎರಡು ಸಲ ಗಡ್ಡ ಸವರಿಕೊಳ್ಳುತ್ತಾರೆ. ಇವತ್ತು ಮಾಳಿಗೆ ಹತ್ತಿ ನೋಡಿ ನಾಲ್ಕು ಸಲ ಸವರಿಕೊಂಡರು.

"ಭಾಬಿ, ಇದು ಸೀರಿ ಅಲ್ಲರಿ. ತಂತಿ ಜಾಳಿ ಇದ್ರ ತೊಳೀಬೇಕು. ಇದು ಕಾಗದದಂಥಾ ಮಡಿಕಿ. ನೀರು ಬಿತ್ತಂದ್ರ ಖಲಾಸ್."

"ಸ್ವಚ್ಛ ಆಗ್ಯಾವಲ್ಲರಿ."

"ಸ್ವಚ್ಛ ಆಗ್ಯಾವ. ಮಯ್ಯತ್‌ಗೂ ಝಳಕ ಮಾಡಸ್ತಾರ. ಎದ್ದು ಕೂಡ್ತದೇನು?"

ಅಂದುಬಿಟ್ಟು ನಾಲಿಗೆ ಕಚ್ಚಿಕೊಂಡರು. ಹಪ್ಪಳದ ಕಡೆ ನೋಡುತ್ತ ನಿಂತರು.

ನನಗೆ ಸಿಟ್ಟು ಬರಲಿಲ್ಲ. ಇಷ್ಟು ದಿನದಲ್ಲಿ ನನ್ನೆದುರು ಸಾವಿನ ಮಾತನ್ನು ಸಕ್ಕರೆ ಹಾಕದೆ ಆಡಿದವರು ಇವರೊಬ್ಬರೇ. ಫಿಲ್ಟರುಗಳನ್ನು ಎಸೆದೆ. ಹಪ್ಪಳ ಚೆನ್ನಾಗಿ ಒಣಗಿದ್ದವು.

೧೭ ಫೆಬ್ರುವರಿ, ಸೋಮವಾರ

ಹುಮನಾಬಾದಿಗೆ ಹೋಗಿ ಬಂದೆ. ಬಸ್ಸಿನಲ್ಲಿ ಹೆಂಗಸರಿಗೆ ದುಡ್ಡಿಲ್ಲ, ಹಾಗಾಗಿ ಸೀಟೂ ಇಲ್ಲ. ರಜಾಕ್ ಭಾಯಿ ದುಡ್ಡು ಕೊಟ್ಟು ನಿಂತರು, ನಾನು ಪುಕ್ಕಟೆ ನಿಂತೆ.

ಶಂಕರಲಿಂಗ ಸಾವಕಾರರ ಮಂಗಲ ಕಾರ್ಯಾಲಯ ಮಾಣಿಕನಗರದ ಆಚೆ, ಹೈವೇಯ ಮಗ್ಗುಲಲ್ಲಿದೆ. ಇಡೀ ಕಟ್ಟಡಕ್ಕೆ ಏಸಿ. ಮದುವೆಗೆ ಬಂದವರು ಊಟಕ್ಕಿಂತ ತಂಪಿನ ಮಾತನ್ನೇ ಹೆಚ್ಚು ಆಡುತ್ತಾರಂತೆ. ಎದುರಿಗೆ ಸಾವಕಾರರದೇ ತೊಗರಿ ಬೇಳೆ ಮಿಲ್ಲು. ಅಲ್ಲಿಂದ ಹೊಟ್ಟಿನ ಧೂಳು ಎದ್ದು, ರಸ್ತೆ ದಾಟಿ, ಕಾರ್ಯಾಲಯಕ್ಕೆ ಬರುತ್ತದೆ. ಅಂದರೆ ಸಾವಕಾರರು ರಸ್ತೆಯ ಆ ಕಡೆ ಧೂಳು ಮಾಡುತ್ತಾರೆ, ಈ ಕಡೆ ಅದನ್ನು ಹಿಡಿಯಲು ನಮ್ಮನ್ನು ಕರೆಯುತ್ತಾರೆ. ಇಂಥ ಗಿರಾಕಿ ಸಿಗಲು ಪುಣ್ಯ ಬೇಕು.

ಬಸವ ಜಯಂತಿಯ ದಿನ ಇಲ್ಲೇ ಅವರ ಮಗಳ ಮದುವೆ. ಅದಕ್ಕೇ ಹೊಸ ಫಿಲ್ಟರು.

"ಎಲ್ಲಾಕಿಂತ ಭಾರೀದು ಹಾಕ್ರಿ," ಅಂದರು. "ಆಪರೇಷನ್ ಮಾಡೂ ಖೋಲಿಯೊಳಗ ಹಾಕ್ತಾರಲ್ಲ, ಅದು. ಹೈದರಾಬಾದಿನಿಂದ ತರಸೇ ಬಿಟ್ಟೀನಿ."

ರಜಾಕ್ ಭಾಯಿ ಗಡ್ಡ ಸವರಿದರು. "ಸಾವಕಾರ್ರ, ಅದು ಭಾಳ ದಟ್ಟ. ಅದರಾಗಿಂದ ಹವಾ ಎಳೀಲಿಕ್ಕೆ ಈ ಫ್ಯಾನಿಗೆ ತಾಕತ್ ಇಲ್ಲ. ಮೂಗಿಗೆ ಕಂಬಳಿ ಕಟಗೊಂಡು ಓಡಿದಂಗ ಆಗ್ತದ."

"ನೀವು ಹಾಕ್ರಿ. ರೊಕ್ಕಾ ಕೊಟ್ಟದ್ದು ಎಳೀಲಾರದ ಏನು ಮಾಡ್ತದ?"

ಹಾಕಿದೆವು. ಫ್ಯಾನು ಹುಯಿಲಿಟ್ಟಿತು. ಮಂಟಪದ ಮೇಲಿನ ಹವಾದ ಕಿಂಡಿಗೆ ರಜಾಕ್ ಭಾಯಿ ಒಂದು ಕಾಗದದ ಪಟ್ಟಿ ಕಟ್ಟಿದರು. ಅದು ಅಲುಗಲಿಲ್ಲ. ಸಾವಕಾರರು ಕುರ್ಚಿ ಹತ್ತಿ ಕಿಂಡಿಗೆ ಕೆನ್ನೆ ಹಿಡಿದರು. "ಹವಾ ಭಾಳ ಸ್ವಚ್ಛ ಅದ, ಹತ್ತಿದ್ದೇ ಗೊತ್ತಾಗವಲ್ತು," ಅಂದರು. ಆಮೇಲೆ ಬೆವರು ಒರೆಸಿಕೊಂಡು ಕೆಳಗಿಳಿದರು.

ಕೊನೆಗೆ ಮೊದಲು ಒಂದು ತಂತಿ ಜಾಳಿ, ಅದರ ಹಿಂದೆ ಮಧ್ಯಮ ದಪ್ಪದ ಮಡಿಕೆ ಫಿಲ್ಟರು ಎಂದು ಠರಾಯಿತು. ಕಾಗದದ ಪಟ್ಟಿ ಕುಣಿಯಿತು. ದವಾಖಾನೆಯ ಫಿಲ್ಟರನ್ನು ಸಾವಕಾರರು ಎಸೆಯಲಿಲ್ಲ, ಆಫೀಸಿನಲ್ಲಿ ಎದ್ದು ಕಾಣುವ ಹಾಗೆ ಇಡಿಸಿದರು.

ಕಾರ್ಯಾಲಯ ಕಾಯುವ ಗಯಾಸುದ್ದೀನನಿಗೆ ರಜಾಕ್ ಭಾಯಿ ಒಂದೇ ಮಾತು ಕಲಿಸಿದರು. ಫಿಲ್ಟರಿನ ಚೌಕಟ್ಟಿನ ಮೇಲೆ ಬಾಣದ ಗುರುತು ಇರುತ್ತದೆ. ಹವಾ ಹೋಗುವ ಕಡೆ, ಅಂದರೆ ಮಂಟಪದ ಕಡೆ, ಬಾಣ ಇರಬೇಕು. ಬಳಸಿದ ಫಿಲ್ಟರನ್ನು ತಿರುವಿ ಹಾಕಿದರೆ ಹಿಡಿದಿಟ್ಟ ಧೂಳೆಲ್ಲ ಮಂಟಪಕ್ಕೇ ಉದುರುತ್ತದೆ. "ಬಾಣ ಮಂಟಪದ ಕಡೆ" ಎಂದು ಗಯಾಸುದ್ದೀನ ಪಾಠದ ಹಾಗೆ ಹೇಳಿ ತೋರಿಸಿದ.

ಹೊರಡುವಾಗ ಸಾವಕಾರರ ಮಗಳು ಪೂನಂ ನನ್ನನ್ನು ಬದಿಗೆ ಕರೆದಳು.

"ಅಕ್ಕಾ, ಧೂಳಿ ಖರೇನ ಬರೂದಿಲ್ಲಲ್ಲ? ನನಗ ದಮ್ಮು ಅದ. ಬೀಗರಿಗೆ ಗೊತ್ತಿಲ್ಲ. ಹೇಳಬ್ಯಾಡಂತ ಅಪ್ಪಾಜಿ ಅಂದಾರ."

"ಮತ್ತ ಲಗ್ನ ಆದ ಮ್ಯಾಲ?"

"ಆ ಮ್ಯಾಲ ಅವರ ಮನಿ ಧೂಳಿ, ಅವರ ಜವಾಬ್ದಾರಿ ಅಂತಾರ."

ಬರುವುದಿಲ್ಲ ಎಂದೆ. ಅಷ್ಟು ಧೈರ್ಯ ಎಲ್ಲಿಂದ ಬಂತೋ.

೨೭ ಫೆಬ್ರುವರಿ, ಗುರುವಾರ

ನಿನ್ನೆ ಶಿವರಾತ್ರಿ. ಅವರ ಅಂಗಿಯ ಜೇಬಿನಲ್ಲಿ ಒಂದು ಸ್ಕ್ರೂ ಸಿಕ್ಕಿತು. ಅಲ್ಲೇ ಇಟ್ಟೆ. ಬರೆಯಲು ಮತ್ತೇನಿಲ್ಲ.

೧೩ ಮಾರ್ಚ್, ಗುರುವಾರ

ಹುಮನಾಬಾದಿನಿಂದ ಫೋನು, ಕೂಡಲೇ ಬನ್ನಿ ಎಂದು. ಮಷೀನು ಕೆಟ್ಟಿರಬೇಕು ಎಂದು ಓಡಿದೆವು. ಕೆಟ್ಟಿದ್ದು ದಿಕ್ಕು.

ಮದುವೆಗೆ ಮೊದಲು ಕಾರ್ಯಾಲಯದ ವಾಸ್ತು ನೋಡಲು ಸಾವಕಾರರು ಮಚ್ಚೇಂದ್ರ ಎಂಬುವನನ್ನು ಕರೆಸಿದ್ದಾರೆ. ಅವನು ಮೊದಲು ಟೈಲ್ಸ್ ವ್ಯಾಪಾರ ಮಾಡುತ್ತಿದ್ದನಂತೆ. ಅದು ಮುಳುಗಿದ ಮೇಲೆ ದಿಕ್ಕುಗಳ ವ್ಯಾಪಾರ ಹಿಡಿದಿದ್ದಾನೆ. ದಿಕ್ಕುಗಳಿಗೆ ಗೋದಾಮು ಬೇಡ, ಒಡೆಯುವ ಭಯವೂ ಇಲ್ಲ. ಮೊಬೈಲಿನಲ್ಲಿ ದಿಕ್ಸೂಚಿ ಹಿಡಿದು ಮಷೀನಿನ ಖೋಲಿಗೆ ಬಂದ. ಮೋಟರಿನ ಹತ್ತಿರ ಮುಳ್ಳು ಗಿರಗಿರ ತಿರುಗಿತು. ಕಬ್ಬಿಣದ ಹತ್ತಿರ ಅದು ಹಾಗೇ ತಿರುಗುತ್ತದೆ ಎಂದು ರಜಾಕ್ ಭಾಯಿ ಹೇಳುವಷ್ಟರಲ್ಲಿ ಅವನು ಕಣ್ಣು ಮುಚ್ಚಿಕೊಂಡಾಗಿತ್ತು.

"ಸಾವಕಾರ್ರ, ಈ ಫಿಲ್ಟರಿನ ಮ್ಯಾಲಿನ ಬಾಣ ಯಾ ಕಡೆ ಅದ?"

"ಮಂಟಪದ ಕಡೆ."

"ಮಂಟಪ ಯಾ ಕಡೆ ಅದ?"

"ದಕ್ಷಿಣಕ್ಕ."

"ದಕ್ಷಿಣ ಯಾರ ದಿಕ್ಕು?"

ಸಾವಕಾರರು ಅಲ್ಲಿದ್ದ ಎಣ್ಣೆಯ ಡಬ್ಬಿಯ ಮೇಲೆ ಕೂತುಬಿಟ್ಟರು.

"ಯಮನ ಕಡೆ ಬಾಣ ಹೂಡಿ, ಅದರ ಕೆಳಗ ಮಗಳಿಗೆ ಅಕ್ಕಿಕಾಳು ಹಾಕಸ್ತೀರೇನು?"

ರಜಾಕ್ ಭಾಯಿ ಸಮಾಧಾನದಿಂದಲೇ ಹೇಳಿದರು. "ಹವಾ ಹೋಗೂದೇ ಆ ಕಡೆ ಅದರಿ, ಮಹಾರಾಜ್."

"ಹವಾ ಹೋಗಲಿ. ಹವಾಕ್ಕ ನಾ ಏನರೆ ಅಂದೀನೇನು? ಬಾಣ ಹೋಗಬಾರದು."

ಸಾವಕಾರರು ನನ್ನ ಕಡೆ ತಿರುಗಿದರು. "ಭುವನೇಶ್ವರಿಬಾಯಿ, ಉತ್ತರಕ್ಕ ತಿರುವಿ ಹಾಕ್ರಿ. ನಿಮಗಾಗೂದಿಲ್ಲಂದ್ರ ಹೈದರಾಬಾದಿನವರನ್ನ ಕರಸ್ತೀನಿ."

ಹೇಳಬೇಕಾದ ಮಾತು ಬಾಯಿಯಲ್ಲೇ ಇತ್ತು. ಹೂಂ, ನೋಡ್ತೀವ್ರಿ ಅಂದೆ. ತಿರುಗಿ ಬರುವಾಗ ಬಸ್ಸಿನಲ್ಲಿ ಸೀಟು ಸಿಕ್ಕಿತು. ಅಂಗಡಿ ಹೋಯಿತು ಎಂದು ನಮ್ಮೂರು ಕಲ್ಯಾಣ ಬರುವವರೆಗೂ ಅದೇ ಯೋಚನೆ.

೧೫ ಮಾರ್ಚ್, ಶನಿವಾರ

ಇವತ್ತು ನಕ್ಕೆ. ಎಷ್ಟು ದಿನಗಳ ಮೇಲೆ ಎಂದು ಬರೆಯುವುದಿಲ್ಲ.

ಬೆಳಿಗ್ಗೆ ರಜಾಕ್ ಭಾಯಿ ಬಂದು ಯಜಮಾನರ ಮೇಜಿನ ಕೆಳಗಿನ ಖಾನೆ ಎಳೆದರು. ಒಳಗೆ ಕೆಂಪು ಬಾಣಗಳು. ಗಾಡಿಗಳ ನಂಬರ್ ಪ್ಲೇಟಿಗೆ ಹಚ್ಚುವ ರೇಡಿಯಂ ಹಾಳೆಯಲ್ಲಿ ಕತ್ತರಿಸಿದ್ದು.

"ನಾಗನಾಥ ಭಾಯಿ ಕತ್ತರಸಿ ಇಟ್ಟಿದ್ರು. ಇಲ್ಲೇ ಕಲ್ಯಾಣದಾಗ ಒಬ್ಬ ಬಂಗಾರದಂಗಡಿ ಸರಾಫಗೂ ಇದೇ ದಕ್ಷಿಣದ ಜಡ್ಡು ಇತ್ತು. ಭಾಯಿ ಫಿಲ್ಟರ್ ಮುಟ್ಟಲಿಲ್ಲ. ಛಾಪಿಸಿದ ಬಾಣದ ಮ್ಯಾಲ ಉಲ್ಟಾ ಬಾಣ ಅಂಟಸಿದ್ರು. ಸರಾಫನೂ ಖುಷ್, ಹವಾನೂ ಖುಷ್."

"ನನಗ ಹೇಳೇ ಇಲ್ಲಲ್ಲ ಅವರು."

"ಯಾರಿಗೂ ಹೇಳತಿದ್ದಿಲ್ಲ. ಫಿಲ್ಟರ್ ಬದಲಿ ಮಾಡೂ ದಿನ ತಾವೇ ಹೋಗತಿದ್ರು."

ಮಧ್ಯಾಹ್ನವೇ ಹುಮನಾಬಾದಿಗೆ ಹೋದೆವು. ಖೋಲಿಯ ಬಾಗಿಲು ಹಾಕಿಕೊಂಡು ಬಾಣಗಳನ್ನು ನಾನೇ ಅಂಟಿಸಿದೆ. ಫಿಲ್ಟರು ಇದ್ದ ಹಾಗೇ ಇತ್ತು. ಆಮೇಲೆ ಮಚ್ಚೇಂದ್ರ ಬಂದು ಬಾಣದ ಮುಂದೆ ಅಂಗೈ ಹಿಡಿದು ನಿಂತ. "ನೋಡ್ರಿ, ಈಗ ಹವಾ ಹ್ಯಾಂಗ ಹಗೂರ ಆತು," ಅಂದ. ಸಾವಕಾರರೂ ಅಂಗೈ ಹಿಡಿದರು. "ಖರೇ, ಮೈ ಝುಂ ಅಂತು," ಅಂದರು. ಅವನಿಗೆ ಶಾಲು ಹೊದಿಸಿದರು. ನಮಗೆ ಚಹಾ ಕೊಟ್ಟರು. ಸಕ್ಕರೆ ಸರಿಯಾಗಿತ್ತು.

ಗಯಾಸುದ್ದೀನ ಇರಲಿಲ್ಲ, ಕೊಡಂಬಲದ ನೆಂಟರ ಮನೆಗೆ ಹೋಗಿದ್ದ. ಬಂದ ಮೇಲೆ ಅವನ ಕಿವಿಗೆ ಹಾಕಿದರಾಯಿತು ಎಂದುಕೊಂಡೆವು.

ಬಸ್ಸಿನಲ್ಲಿ ನನಗೇ ನಾನು ನಗುತ್ತಿದ್ದೆನಂತೆ. ಪಕ್ಕದ ಹೆಂಗಸು ಸರಿದು ಕೂತಳು. ಅವರ ಬುದ್ಧಿಯೇ ಬುದ್ಧಿ.

೩೦ ಮಾರ್ಚ್, ರವಿವಾರ

ಯುಗಾದಿ. ಬೇವಿನ ಪಾನಕ ಒಬ್ಬಳಿಗೇ ಮಾಡಲು ಬರುವುದಿಲ್ಲ, ಹೆಚ್ಚಾಯಿತು. ಜಿಜಾಬಾಯಿಗೆ ಕೊಟ್ಟೆ. "ನಾಗನಾಥಗ ಭಾಳ ಸೇರತಿತ್ತು," ಅಂದಳು. ಸೇರುತ್ತಿರಲಿಲ್ಲ. ಮೂಗು ಹಿಡಿದುಕೊಂಡು ಕುಡಿಯುತ್ತಿದ್ದರು.

ಹಬ್ಬವಾದರೂ ಅಂಗಡಿ ತೆಗೆಯಬೇಕಾಯಿತು. ಮಾಣಿಕನಗರದ ಲಾಡ್ಜಿನವರು ಬಂದಿದ್ದರು. ಅಡುಗೆಮನೆಯ ಹೊಗೆ ಎಳೆಯುವ ಫ್ಯಾನಿಗೆ ಮಡಿಕೆ ಫಿಲ್ಟರು ಬೇಕು, ಸಸ್ತಾ ಆಗುತ್ತದೆ ಎಂದರು.

"ಎಣ್ಣಿ ಹೊಗಿಗೆ ಅದು ನಡ್ಯೂದಿಲ್ಲರಿ. ಎರಡು ದಿನಕ್ಕ ಜಿಡ್ಡು ಕಟ್ತದ, ಬೆಂಕಿ ಹತ್ತಿದ್ರ ಪೂರಾ ಉರೀತದ. ತಂತಿ ಜಾಳಿ ಒಯ್ರಿ. ವಾರಕ್ಕೊಮ್ಮೆ ಬಿಸಿನೀರಾಗ ತೊಳೀರಿ."

"ನಿಮ್ಮ ಮಾಲಕರಿದ್ರ ಸಸ್ತಾದಾಗ ಏನರೆ ಹೊಂದಿಸಿ ಕೊಡತಿದ್ರು."

"ಅವರು ಇಲ್ಲರಿ."

ಜಾಳಿ ತೆಗೆದುಕೊಂಡು ಹೋದರು. ಆಮೇಲೆ ಸತೀಶಕುಮಾರ ಹಬ್ಬದ ಹೊಸ ಅಂಗಿ ಹಾಕಿಕೊಂಡು ಬಂದು ಗೋಡೆ ಬಡಿದ. "ಅದು ಅಲ್ಲೇ ಅದ, ತಮ್ಮಾ. ದಿನಾ ಬಂದು ಎಬ್ಬಿಸಬ್ಯಾಡ," ಅಂದೆ. ಅವನು ನನ್ನ ಮುಖ ನೋಡಿದ. ತಲೆ ನೋಯುತ್ತಿತ್ತು, ಅದಕ್ಕೇ ಹಾಗಂದೆನೇನೋ.

೧೮ ಏಪ್ರಿಲ್, ಶುಕ್ರವಾರ

ಬಿಸಿಲು ಬಹಳ. ಹುಮನಾಬಾದಿಗೆ ಹೋಗಿದ್ದೆವು.

ಮಷೀನಿನ ಮೇಲೆ ಒಂದು ಗೇಜು ಇದೆ. ಫಿಲ್ಟರು ಧೂಳು ಹಿಡಿದು ಕಟ್ಟುತ್ತ ಹೋದ ಹಾಗೆ ಅದರ ಮುಳ್ಳು ಏರುತ್ತದೆ. ತೊಗರಿಯ ಹಂಗಾಮು, ಮಿಲ್ಲು ಹಗಲೂ ರಾತ್ರಿ ನಡೆದಿದೆ. ಮುಳ್ಳು ಮೇಲೆ ಹೋಗಿ ಕೂತಿದೆ. ಮದುವೆಯ ಮೊದಲೇ ಬದಲಿಸಬೇಕು ಎಂದು ರಜಾಕ್ ಭಾಯಿ ಹೇಳಿದರು. ಆದರೆ ಸಾವಕಾರರು ಆ ಮುಳ್ಳನ್ನು ಬಂದವರಿಗೆಲ್ಲ ತೋರಿಸುತ್ತಿದ್ದಾರೆ, ಮಷೀನಿನ ಪವರ್ ಎಷ್ಟು ಏರಿದೆ ನೋಡಿ ಎಂದು.

"ಬದಲಿ ಮಾಡಿದ್ರ ಮುಳ್ಳು ಕೆಳಗ ಬರ್ತದ ಅಂತೀರಿ. ಲಗ್ನದ ಹೊತ್ತಿನಾಗ ಯಾರರೆ ಕೆಳಗ ತರ್ತಾರೇನು?"

"ಏರೂದೇ ಶುಭ," ಅಂದ ಮಚ್ಚೇಂದ್ರ. ಅವನು ಈಗ ಅಲ್ಲೇ ಇರುತ್ತಾನೆ, ಊಟಕ್ಕೂ.

"ಅದು ಪವರ್ ಅಲ್ಲರಿ, ಸಾವಕಾರ್ರ. ಮಷೀನಿಗೆ ಮೂಗು ಕಟ್ಟಿದ ಗುರುತು," ಅಂದೆ. ನನ್ನ ದನಿ ಖೋಲಿಯಲ್ಲಿ ದೊಡ್ಡದಾಗಿ ಕೇಳಿಸಿತು.

"ಲಗ್ನ ಆಗಲಿ, ತಾಯಿ. ಆಮ್ಯಾಲ ಮೂಗು ಬಿಡಸೋಣು."

ಗಯಾಸುದ್ದೀನ ಮಜ್ಜಿಗೆ ತಂದುಕೊಟ್ಟ. ಅವನ ಮಗಳು ಫರಹತ್ ಹತ್ತನೆಯ ಪರೀಕ್ಷೆ ಬರೆದಿದ್ದಾಳಂತೆ. ಲೆಕ್ಕದ ಪೇಪರು ಕಠಿಣ ಇತ್ತಂತೆ. ಅದನ್ನೇ ಮಾತಾಡುತ್ತ ಬಸ್ಸಿನ ಹೊತ್ತಾಯಿತು.

೨೯ ಏಪ್ರಿಲ್, ಮಂಗಳವಾರ

ನಾಳೆ ಮದುವೆ. ಮಷೀನು ನೋಡಲು ಕಾರ್ಯಾಲಯದಿಂದ ಯಾರೂ ನಮ್ಮನ್ನು ಕರೆಯಲಿಲ್ಲ, ಅಂದರೆ ಎಲ್ಲ ಸರಿ ಇದೆ. ಮದುವೆಗೆ ನಮ್ಮ ಜೊತೆ ಸತೀಶಕುಮಾರನಿಗೂ ಕರೆ ಇದೆ. ಗೋಡೆ ಒಡೆಯಲು ಗೌಂಡಿಗೆ ಮಾತು ಹೇಳಿಟ್ಟಿದ್ದಾನಂತೆ. ಮದುವೆ ಚೆನ್ನಾಗಿ ಆದರೆ ಗೌಂಡಿಗೆ ಕೆಲಸವಿಲ್ಲ.

೩೦ ಏಪ್ರಿಲ್, ಬುಧವಾರ

ಸಂಜೆ. ಈಗ ಬಂದೆ. ಊರಲ್ಲಿ ಜಯಂತಿಯ ಮೆರವಣಿಗೆ, ರಸ್ತೆಯ ತುಂಬ ಜನ. ಕೈಕಾಲು ತೊಳೆದು ಕೂತಿದ್ದೇನೆ. ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ಮುಹೂರ್ತದವರೆಗೂ ಎಲ್ಲ ಸರಿ ಇತ್ತು. ಜನ ತುಂಬಿದ ಮೇಲೆ ಸೆಕೆ ಎಂದು ಯಾರೋ ಕೂಗಿದರು. ಫ್ಯಾನನ್ನು ಜೋರು ಮಾಡಿದರು. ಅಕ್ಕಿಕಾಳು ಬೀಳುವುದಕ್ಕೂ ಮೇಲಿನ ಕಿಂಡಿಗಳಿಂದ ಬೂದು ಬಣ್ಣದ ಹೊಟ್ಟು ಬೀಳುವುದಕ್ಕೂ ಸರಿಹೋಯಿತು. ಮೊದಲು ಹೂವಿನ ಪುಡಿ ಎಂದುಕೊಂಡು ಜನ ಚಪ್ಪಾಳೆ ತಟ್ಟಿದರು. ಮದುಮಗನ ಬಿಳಿ ರುಮಾಲು ಬೂದಿಯ ಬಣ್ಣಕ್ಕೆ ಬಂದಾಗ ಚಪ್ಪಾಳೆ ನಿಂತಿತು, ಕೆಮ್ಮು ಶುರುವಾಯಿತು. ಸಾವಕಾರರ ಮಿಲ್ಲಿನ ಎರಡು ತಿಂಗಳ ಧೂಳು ಮಗಳ ಮದುವೆಗೆ ಬಂದಿತ್ತು.

ಪೂನಂಗೆ ಉಸಿರು ಹತ್ತಿತು. ಎದೆ ಸಿಳ್ಳು ಹಾಕುವುದು ಮೈಕಿನಲ್ಲಿ ಕೇಳುತ್ತಿತ್ತು. ಸಾವಕಾರರು ಬೀಗಿತಿಯ ಕಡೆ ತಿರುಗಿ, "ಕೂಸು ಖುಷಿಗೆ ಅಳಾಕತ್ತದರಿ," ಅಂದರು. ಪೂನಂ ಅಪ್ಪನನ್ನು ನೋಡಿದಳು. ಆಮೇಲೆ ಗೆಳತಿಯ ಚೀಲದಿಂದ ದಮ್ಮಿನ ಔಷಧದ ತನ್ನ ಪಂಪು ತರಿಸಿ, ಎಲ್ಲರ ಎದುರಿಗೇ ಬಾಯಿಗೆ ಹಿಡಿದು ಎಳೆದಳು.

ಬೀಗಿತಿ ಶಕುಂತಲಾಬಾಯಿ ಆಳಂದದ ಕಡೆಯ ದೊಡ್ಡ ಮನೆತನದವರು. ಮುಖ ಬಿಗಿದುಕೊಂಡು ಮಂಟಪ ಹತ್ತಿದರು. ಈಗ ಮದುವೆ ಮುರಿಯಿತು ಎಂದು ನಾನು ಕಣ್ಣು ಮುಚ್ಚಿದೆ. ತೆರೆದಾಗ ಅವರು ಸೊಂಟದ ಸಂಚಿಯಿಂದ ತಮ್ಮದೊಂದು ಪಂಪು ತೆಗೆದಿದ್ದರು. ಮೊದಲು ತಾವು ಎಳೆದುಕೊಂಡರು. ಆಮೇಲೆ ಸೊಸೆಯ ಕೈಯಲ್ಲಿದ್ದುದನ್ನು ತಿರುವಿ ನೋಡಿ, "ನಿಂದು ಹೊಸ ನಮೂನಿ ಅದಲ್ಲವಾ, ಎಲ್ಲಿ ತಗೊಂಡಿ?" ಎಂದು ಕೇಳಿದರು. ಎರಡೂ ಮನೆಯವರು ಮುಚ್ಚಿಟ್ಟಿದ್ದು ಒಂದೇ ರೋಗವನ್ನು.

ನಾವು ಮಷೀನಿನ ಖೋಲಿಗೆ ಓಡಿದೆವು. ಸಾವಕಾರರು, ಮಚ್ಚೇಂದ್ರ, ರಜಾಕ್ ಭಾಯಿ, ನಾನು. ಬಾಳೆಹಣ್ಣು ತಿನ್ನುತ್ತ ಸತೀಶಕುಮಾರನೂ ಬಂದು ಬಾಗಿಲಲ್ಲಿ ನಿಂತ. ಒಳಗೆ ಗಯಾಸುದ್ದೀನ ಒರೆಸುವ ಬಟ್ಟೆ ಹಿಡಿದು ನಿಂತಿದ್ದ.

"ಎಲ್ಲಾ ಸ್ವಚ್ಛ ಮಾಡು ಅಂದಿದ್ರಲ್ಲರಿ. ನಿನ್ನೆ ಫಿಲ್ಟರ್ ಬಿಚ್ಚಿ ಹೊರಗ ಒರಸಿ, ಬಾಣ ನೋಡಿ ಬರೋಬ್ಬರಿ ಹಾಕೀನಿ. ರಜಾಕ್ ಚಾಚಾ ಹೇಳಿದಂಗ, ಬಾಣ ಮಂಟಪದ ಕಡೆ."

ಅವನು ನೋಡಿದ್ದು ನಾನು ಅಂಟಿಸಿದ ಬಾಣವನ್ನು. ಅದನ್ನು ಮಂಟಪದ ಕಡೆ ಮಾಡಿದ್ದಕ್ಕೆ ಫಿಲ್ಟರು ತಿರುವುಮುರುವಾಗಿ, ಧೂಳಿನ ಮುಖ ಮಂಟಪಕ್ಕೆ ಬಂದಿತ್ತು.

"ಕೇಳಿದ್ರ್ಯಾ?" ಅಂದ ಮಚ್ಚೇಂದ್ರ. "ನಾ ಉತ್ತರಕ್ಕ ಮಾಡಿಸಿದ್ದನ್ನ ಇವ ಮತ್ತ ದಕ್ಷಿಣಕ್ಕ ತಿರುವ್ಯಾನ."

"ನಾಳಿಂದ ಬರಬ್ಯಾಡ ನೀ," ಅಂದರು ಸಾವಕಾರರು ಗಯಾಸುದ್ದೀನನಿಗೆ. ಆಮೇಲೆ ನನಗೆ, "ನೀವು ಬರೋಬ್ಬರಿ ಮಾಡಿದ್ರಿ ತಾಯಿ, ಈ ಮಬ್ಬ ಕೆಡಿಸಿಬಿಟ್ಟ. ಹೌದಿಲ್ಲೊ?"

ರಜಾಕ್ ಭಾಯಿ ನೆಲ ನೋಡುತ್ತಿದ್ದರು. ನನಗೆ ಬೇಕಾದ ಸುಳ್ಳನ್ನು ಎಲ್ಲರೂ ಸೇರಿ ತಾವೇ ಹೇಳಿ ಮುಗಿಸಿದ್ದರು. ನಾನು ಒಂದು ಹೂಂ ಅಂದಿದ್ದರೆ ಸಾಕಿತ್ತು.

"ಇಲ್ಲರಿ," ಅಂದೆ. ಉಗುರಿನಿಂದ ರೇಡಿಯಂ ಕಿತ್ತೆ. ಕೆಳಗೆ ಛಾಪಿಸಿದ ಬಾಣ ಉಲ್ಟಾ ಕಡೆ ನೋಡುತ್ತಿತ್ತು. "ಈ ಬಾಣ ನಾ ಅಂಟಸೀನಿ. ಫಿಲ್ಟರ್ ಆಗ ತಿರುವೇ ಇದ್ದಿಲ್ಲ. ನಿಮಗ ಬಾಣ ಬೇಕಾಗಿತ್ತು, ಬಾಣ ಕೊಟ್ಟೆ. ಇವನಿಗೆ ಹೇಳೂದು ಮರತೆ. ಇವನದೇನೂ ತಪ್ಪಿಲ್ಲ."

ಸಾವಕಾರರು ಆ ಕೆಂಪು ತುಂಡನ್ನು ಬಹಳ ಹೊತ್ತು ನೋಡಿದರು. ಮಚ್ಚೇಂದ್ರ ಮೊಬೈಲು ನೋಡಿದ.

"ಮೈ ಝುಂ ಅಂದಿತ್ತಲ್ಲ ಅವತ್ತು," ಅಂದರು ಸಾವಕಾರರು. ಆಮೇಲೆ ಸಿಟ್ಟು ಬಂತು. "ಇದನ್ನ ನನಗ ಒಬ್ಬಂಗೇ ಹೇಳಬೇಕಾಗಿತ್ತು. ಎಲ್ಲಾರ ಮುಂದ ಯಾಕ ಹೇಳಿದ್ರಿ? ನಿಮ್ಮ ಕೆಲಸ ಇಲ್ಲಿಗೆ ಮುಗೀತು."

"ಮುಗೀಲಿ. ಗಯಾಸುದ್ದೀನನ್ನ ತಗೀಬ್ಯಾಡ್ರಿ. ತಗದ್ರ ನಾ ಹೊರಗ ಹೋಗಿ ಬೀಗರ ಮುಂದೂ ಇದನ್ನೇ ಹೇಳ್ತೀನಿ, ಝುಂ ಅಂದದ್ದೂ ಹೇಳ್ತೀನಿ."

ಅಂದವಳು ನಾನೇ. ಗಯಾಸುದ್ದೀನನ ಕೆಲಸ ಉಳಿಯಿತು.

ರಜಾಕ್ ಭಾಯಿ ಮತ್ತು ನಾನು ಆ ಫಿಲ್ಟರುಗಳನ್ನು ತೆಗೆದು ಹೊರಗೆ ಹಾಕಿ, ಬರೀ ತಂತಿ ಜಾಳಿಯ ಮೇಲೆ ಫ್ಯಾನು ನಡೆಸಿದೆವು. ಊಟದ ಪಂಕ್ತಿಗಳು ಮುಗಿದವು. ಪೂನಂ ಬೀಗಿತಿಯ ಪಕ್ಕ ಕೂತು ಉಂಡಳಂತೆ. ನನ್ನ ಮಾತು ಉಳಿಯಲಿಲ್ಲ ಎಂದು ಅವಳಿಗೆ ಹೇಳಿಯೇ ಬಂದೆ. ತಲೆ ಆಡಿಸಿದಳು, ಕ್ಷಮಿಸಿದಳೋ ಇಲ್ಲವೋ ಗೊತ್ತಾಗಲಿಲ್ಲ.

ಅವರ ಉಪಾಯ ಅವರು ಇರುವ ತನಕ ಮಾತ್ರ ನಡೆಯುವಂಥದ್ದು. ಮನಸ್ಸಿನಲ್ಲಿ ಇಟ್ಟುಕೊಂಡು ಹೋಗಿಬಿಟ್ಟರು. ಬೇರೆ ಎಲ್ಲೆಲ್ಲಿ ಅಂಟಿಸಿದ್ದಾರೋ ರಜಾಕ್ ಭಾಯಿಯನ್ನು ಕೇಳಬೇಕು.

೧ ಮೇ, ಗುರುವಾರ

ಬೆಳಿಗ್ಗೆ ಸತೀಶಕುಮಾರ ಗೌಂಡಿಯನ್ನು ಕರೆದುಕೊಂಡೇ ಬಂದ. ಗೌಂಡಿಯ ಹೆಗಲ ಮೇಲೆ ಸುತ್ತಿಗೆ. ನಾನು ಕುರ್ಚಿ ಎಳೆದುಕೊಂಡು ಮೇಜಿನ ಧೂಳು ಒರೆಸುತ್ತಿದ್ದೆ.

"ವೈನಿ, ಮಾತು ಅಂದ್ರ ಮಾತು. ಕಾರ್ಯಾಲಯ ಹೋಯ್ತು. ಕೀಲಿ ಕೊಡ್ರಿ."

"ಕೊಡೂದಿಲ್ಲ."

"ಫೆಬ್ರುವರಿಯಾಗ ನೀವೇ ಹೂಂ ಅಂದೀರಿ."

"ಅಂದಿದ್ದೆ. ಆವಾಗ ಜರಡಿ ಮಾರ್ತೀರೇನು ಅಂತ ಕೇಳಿದವರಿಗೂ ಹೂಂ ಅಂದಿದ್ದೆ."

"ಏನು ನಡಸ್ತೀರಿ ಮತ್ತ? ಉಳದದ್ದೆಲ್ಲಾ ಚಿಲ್ಲರೆ."

"ಚಿಲ್ಲರೆನೇ. ಲಾಡ್ಜ್ ಅದ, ಬ್ಯಾಂಕ್ ಅದ, ಸರಾಫ ಅದಾನ. ನನ್ನ ಅಂಗಡಿಗೆ ಅಷ್ಟು ಬಸ್."

ಅವನು ಗೋಡೆಯ ಕಡೆ ಕೈ ಒಯ್ದವನು ನನ್ನನ್ನು ನೋಡಿ ಹಿಂದಕ್ಕೆ ತೆಗೆದುಕೊಂಡ. "ಗೌಂಡಿಗೆ ಏನು ಹೇಳ್ಲಿ?"

"ನಿನ್ನ ಅಂಗಡಿಗೆ ಆ ಕಡೆ ಇನ್ನೊಂದು ಗೋಡಿ ಅದಲ್ಲ. ಅದನ್ನ ಒಡಸು."

ಗೌಂಡಿ ನಕ್ಕುಬಿಟ್ಟ. ಸತೀಶಕುಮಾರ ನಗಲಿಲ್ಲ. ಸಂಜೆಯವರೆಗೂ ಮಾತಾಡಿಸಿಲ್ಲ. ಮಾತಾಡದೆ ಎಷ್ಟು ದಿನ ಇರುತ್ತಾನೋ ನೋಡಬೇಕು, ಇಬ್ಬರಿಗೂ ಕರೆಂಟಿನ ಮೀಟರು ಒಂದೇ ಇದೆ.

ಮಧ್ಯಾಹ್ನ ರಜಾಕ್ ಭಾಯಿ ಸುದ್ದಿ ತಂದರು. ಕಾರ್ಯಾಲಯದ ಫಿಲ್ಟರಿನ ಕೆಲಸವನ್ನು ಸಾವಕಾರರು ಮಚ್ಚೇಂದ್ರನಿಗೇ ಕೊಟ್ಟಿದ್ದಾರಂತೆ. ಅವನು ಸೊಲ್ಲಾಪುರದಿಂದ ಬಾಣವೇ ಇಲ್ಲದ ಫಿಲ್ಟರು ತರಿಸುತ್ತಾನಂತೆ, ಯಾವ ದಿಕ್ಕಿಗೂ ದೋಷವಿಲ್ಲದ್ದು. ಗೇಜಿನ ಮುಳ್ಳು ಏರಿದಷ್ಟೂ ಒಳ್ಳೆಯದು ಎಂದು ಬರವಣಿಗೆಯಲ್ಲಿ ಕೊಟ್ಟಿದ್ದಾನಂತೆ.

"ಎಷ್ಟು ದಿನ ನಡೀತದರಿ ಅದು?" ಎಂದು ಕೇಳಿದೆ.

ರಜಾಕ್ ಭಾಯಿ ಗಡ್ಡ ಸವರಿಕೊಂಡರು. "ಧೂಳಿ ಇರೂ ತನಕ, ಭಾಬಿ."

ಸರಾಫರ ಅಂಗಡಿಗೆ ಹೋಗಿ ಅಲ್ಲಿ ಅಂಟಿಸಿದ ಬಾಣ ಕೀಳುವುದನ್ನು ಶನಿವಾರಕ್ಕೆ ಇಟ್ಟುಕೊಂಡಿದ್ದೇವೆ. ಬೈಸಿಕೊಳ್ಳುವ ಮಾತು ನಾನೇ ಆಡುತ್ತೇನೆ ಎಂದಿದ್ದೇನೆ.

ನಾಳೆ ಶುಕ್ರವಾರ. ರಜಾಕ್ ಭಾಯಿ ನಮಾಜಿಗೆ ಹೋಗುತ್ತಾರೆ. ಮಧ್ಯಾಹ್ನ ಅಂಗಡಿಯಲ್ಲಿ ನಾನೇ ಇರಬೇಕು.